ನೋಡದೆ ಹಾಕಿದ ಟಿಕ್

ಮಾರ್ಚ್ 2, ಶನಿವಾರ. ಸಂಜೆ

ಇವತ್ತೂ ಸೊಸೆಯ ಕಾರಿನ ಅಡಿಯಲ್ಲಿ ನಾನು ಎರಡು ಗಂಟೆ. ಟಾರ್ಕ್ ರೆಂಚ್ ಬಿಗಿ ಸಾಕು ಅಂತ ಟಕ್ ಅನ್ನೋವರೆಗೆ ಒಂದೊಂದೇ ನಟ್ ಬಿಗಿ ಮಾಡಿ, ನಟ್ ಮೇಲಿಂದ ಪಕ್ಕದ ಲೋಹದವರೆಗೆ ಹಳದಿ ಪೇಂಟಲ್ಲಿ ಒಂದು ಗೆರೆ. ನಟ್ ಸಡಿಲಾದ್ರೆ ಗೆರೆ ಮುರಿಯುತ್ತೆ. ಬಗ್ಗಿ ನೋಡಿದ್ರೆ ಸಾಕು. ರೇಸ್ ಟ್ರ್ಯಾಕಲ್ಲಿ ಓಡಿಸೋ ಕಾರು... ಅದುರಿ ಅದುರಿ ಯಾವ ನಟ್ ಯಾವಾಗ ಕೈ ಕೊಡುತ್ತೋ.

ಮಗ ಹಲ್ಲಿನ ಡಾಕ್ಟ್ರು. ಊರವರ ಬಾಯಿ ತೆಗೆಸ್ತಾನೆ, ಬಾನೆಟ್ ತೆಗೆಯೋಕೆ ಬರಲ್ಲ. "ನೀವು ನೋಡಿದೀರಲ್ಲ ಅಪ್ಪ, ನಂಗೆ ಧೈರ್ಯ" ಅಂದ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವನು ನಾನು. ಉಬ್ಬಿಹೋದೆ.

ಮಾರ್ಚ್ 3, ಭಾನುವಾರ

ಮೊದಲ ಓಟ ಚೆನ್ನಾಗಿತ್ತು. ಎರಡನೇದಕ್ಕೆ ಮುಂಚೆ ಮತ್ತೆ ಎಲ್ಲ ಗೆರೆ ನೋಡ್ಬೇಕು. ಮುಂದಿನ ಚಕ್ರಗಳದ್ದು ನೋಡ್ದೆ. ಹಿಂದೆ ಹೋಗಿ ಮಂಡಿ ಊರಿದೆ— ನೋವಿಗೆ ಪ್ರಾಣ ಹೋದಂಗಾಯ್ತು. ಎದ್ದುಬಿಟ್ಟೆ. ತಪಾಸಣೆ ಹಾಳೆಯಲ್ಲಿ ಉಳಿದಿದ್ದಕ್ಕೆಲ್ಲ ನೋಡದೇನೇ ಟಿಕ್ ಹಾಕಿದೆ.

ಸೊಸೆ ಹೆಲ್ಮೆಟ್ ಹಾಕ್ಕೊಳ್ತಾ ಕೇಳಿದ್ಲು, "ಎಲ್ಲಾ ನೋಡಿದ್ರಾ ಮಾವ?"

"ನೋಡ್ದೆ ಕಣಮ್ಮ. ಹೋಗು."

ನಾಲ್ಕನೇ ಸುತ್ತು. ದೊಡ್ಡ ತಿರುವು. ಕಾರು ಬುಗುರಿ ಥರ ತಿರುಗಿ, ಟ್ರ್ಯಾಕ್ ಅಂಚಲ್ಲಿ ಪೇರಿಸಿದ ಟೈರ್ ಗೋಡೆಗೆ...

ಅವಳ ಭುಜದ ಮೂಳೆ ಮುರಿದಿದೆ. ಜೀವಕ್ಕೇನೂ ಭಯ ಇಲ್ಲ ಅಂದ್ರು.

ಮಾರ್ಚ್ 4

ಕಾರು ಮನೆ ಗ್ಯಾರೇಜಿಗೆ ಬಂತು. ಅಡಿಗೆ ತೂರಿದೆ. ಈ ಸಲ ಮಂಡಿ ನೋವು ಗೊತ್ತೇ ಆಗ್ಲಿಲ್ಲ. ಹಿಂದಿನ ಎಡ ಚಕ್ರ ಹಿಡಿಯೋ ಸಸ್ಪೆನ್ಷನ್ ಬೋಲ್ಟ್ ಇಲ್ಲ. ತೂತು ಮಾತ್ರ. ನಟ್ ಬಿಚ್ಚಿಕೊಂಡು ಬೋಲ್ಟ್ ಜಾರಿಹೋಗಿದೆ.

ಬಾಗಿಲು ಹಾಕ್ದೆ. ಡಬ್ಬಿಯಿಂದ ಬೇರೆ ಬೋಲ್ಟ್ ತೆಗೆದು, ಸುತ್ತಿಗೆಯಲ್ಲಿ ಬಡಿದು ಕೂರಿಸ್ದೆ. ನಟ್ ಹಾಕ್ದೆ. ಹಳದಿ ಗೆರೆನೂ ಎಳೆದೆ.

ಕೈ ತಾನಾಗೇ ಮಾಡ್ತು ಅಂತ ಬರೆಯೋಣ ಅಂದ್ಕೊಂಡೆ. ಸುಳ್ಳು. ಯೋಚನೆ ಮಾಡೇ ಮಾಡ್ದೆ.

ಮಾರ್ಚ್ 9

ಊಟದ ಹೊತ್ತಲ್ಲಿ ಮಗ ಸೊಸೆ ಮೇಲೆ ರೇಗಿದ. "ಆ ಸ್ಪೀಡ್ ಹುಚ್ಚು ಬಿಡು ಅಂತ ಎಷ್ಟು ಸಲ ಹೇಳ್ದೆ?"

"ತಿರುವಲ್ಲಿ ತಟ್ಟನೆ ಆಕ್ಸಿಲರೇಟರಿಂದ ಕಾಲು ತೆಗೆದುಬಿಟ್ಟೆ ಅನ್ಸುತ್ತೆ, ಅದಕ್ಕೇ ಹಿಂದಿನ ಚಕ್ರ ಜಾರಿದ್ದು. ನಂದೇ ತಪ್ಪು." ಆಮೇಲೆ ನನ್ನ ಕಡೆ ತಿರುಗಿ, "ನೀವು ಅಷ್ಟು ಕಷ್ಟಪಟ್ಟು ರೆಡಿ ಮಾಡಿದ ಕಾರು... ಸಾರಿ ಮಾವ."

ನನ್ನತ್ರ ಸಾರಿ ಕೇಳಿದ್ಲು. ತಲೆ ತಗ್ಗಿಸಿ ಇನ್ನೊಂದು ತುತ್ತು ಕಲಸ್ದೆ.

ಮಾರ್ಚ್ 20

ಕಾರು ಮಾರ್ತಾಳಂತೆ. ಇನ್ನು ಸ್ಟೀರಿಂಗ್ ಮುಟ್ಟೋದೇ ಬೇಡವಂತೆ. ಮೂಳೆ ಕೂಡಿದ ಮೇಲೂ ಸ್ಕೂಲಿಗೆ ಪಾಠ ಮಾಡೋಕೆ ಬಸ್ಸಲ್ಲೇ ಹೋಗ್ತೀನಿ ಅಂದ್ಲು.

ತಡೆಯೋಕಾಗ್ಲಿಲ್ಲ. ಹೇಳ್ದೆ. ಮಂಡಿ, ಟಿಕ್, ಬೋಲ್ಟ್, ಗೆರೆ— ಎಲ್ಲ.

ಕುರ್ಚಿ ಎಳ್ಕೊಂಡು ನನ್ನ ಎದುರು ಕೂತ್ಲು.

"ಮಂಡಿ ನೋವು ಅಂದಿದ್ರೆ ನಾನೇ ಬಗ್ಗಿ ನೋಡ್ತಿದ್ನಲ್ಲ ಮಾವ. ಹದಿನೇಳು ದಿನ... ದಿನಾ ಕಣ್ಣು ಮುಚ್ಚಿ ಅದೇ ತಿರುವು ತಗೊಳ್ತಿದ್ದೆ, ಎಲ್ಲಿ ತಪ್ಪಿದೆ ಅಂತ. ನೀವು ಎದುರಿಗೇ ಕೂತು ಊಟ ಮಾಡ್ತಿದ್ರಿ."

ಮಾರ್ಚ್ 22. ಮಧ್ಯಾಹ್ನ

ಎರಡು ದಿನ ಮಾತಿಲ್ಲ. ಮಗನಿಗೂ ಗೊತ್ತಾಗಿದೆ. ಮುಖ ಕೊಟ್ಟು ಮಾತಾಡ್ತಿಲ್ಲ.

ಈಗ ತಾನೇ ಅವಳು ಬಾಗಿಲಲ್ಲಿ ಬಂದು ನಿಂತ್ಲು. "ಒಂದೇ ಒಂದು ಕೇಳ್ತೀನಿ. ಹೀಗೆ ನೋಡದೆ ಟಿಕ್ ಹಾಕಿದ್ದು ಇದೊಂದೇ ಸಲಾನಾ ಮಾವ?"

"ಇದೊಂದೇ ಸಲ ಕಣಮ್ಮ."

ನಂಬಿದ್ಲು. ಉಸಿರು ಬಿಟ್ಟು, "ಸರಿ. ಕಾಫಿ ಮಾಡ್ತೀನಿ, ಬನ್ನಿ" ಅಂದ್ಲು.

ಇದೊಂದೇ ಸಲ ಅಲ್ಲ. ಡಿಸೆಂಬರಲ್ಲಿ ಒಂದು ಸಲ. ಜನವರಿಯಲ್ಲಿ ಇನ್ನೊಂದು— ಆವತ್ತು ಪಕ್ಕದ ಸೀಟಲ್ಲಿ ಮಗನೂ ಕೂತಿದ್ದ. ಏನೂ ಆಗ್ಲಿಲ್ಲ. ಏನೂ ಆಗ್ಲಿಲ್ಲ ಅಂತ ಮರೆತೇಬಿಟ್ಟಿದ್ದೆ.

ಅಡುಗೆಮನೆಯಲ್ಲಿ ಲೋಟದ ಸದ್ದು. ಒಂದೇ ಕೈಯಲ್ಲಿ ಮಾಡ್ತಿದಾಳೆ ಪಾಪ. ಹೋಗ್ತೀನಿ. ಲೋಟ ಕೈಗೆ ತಗೊಳ್ಳೋ ಮುಂಚೆನೇ ಹೇಳಿಬಿಡ್ಬೇಕು, ಡಿಸೆಂಬರಿಂದ ಶುರು ಮಾಡಿ—