ದೇವರ ಮುಂದಿನ ನನ್ನ ಅಪಸ್ವರ

ಶುಕ್ರವಾರ, ಹನ್ನೆರಡನೇ ತಾರೀಖು.

ಮಗಳ ಮೊದಲ ಸಿನಿಮಾ ನೋಡಿ ಬಂದೆ. ಮನಸ್ಸು ಇನ್ನೂ ಅಲ್ಲೇ ಇದೆ. ಪಾಪ್ ಹಾಡು ಹೇಳಿ ಕುಣಿಯುವವಳಿಗೆ ನಟನೆ ಎಲ್ಲಿಂದ ಬರಬೇಕು ಎಂದು ಪೇಪರಿನವರು ಬರೆದಾಗಿನಿಂದ ನನಗೆ ಊಟವೇ ಸೇರುತ್ತಿರಲಿಲ್ಲ.

ಸಿನಿಮಾದಲ್ಲಿ ಅವಳು ಬಟ್ಟೆ ಒಗೆಯುವ ಹೆಂಗಸು. ಆಸ್ಪತ್ರೆಯಲ್ಲಿ ಮಲಗಿದ ಮಗುವಿನ ಪಕ್ಕ ಕೂತು ದೇವರ ಹಾಡು ಹೇಳುತ್ತಾಳೆ. ಬಾಯಿ ತೆರೆದಳೋ ಇಲ್ಲವೋ, ನಾನು ಕುರ್ಚಿಯ ತುದಿಗೆ ಬಂದೆ. ಶ್ರುತಿಯೇ ಇಲ್ಲ! ಎರಡನೇ ಸಾಲಿನಲ್ಲಿ ದನಿ ಜಾರಿತು, ಕೊನೆಯಲ್ಲಿ ಎಳೆದೆಳೆದು ಮೂಗಿಗೇರಿತು. ದಿನಾ ಬೆಳಿಗ್ಗೆ ದೇವರ ಮುಂದೆ ನಾನು ಹಾಡುವುದು ಥೇಟ್ ಹೀಗೆಯೇ. ಜನ ಮೊದಲು ಕಿಸಕ್ಕೆಂದರು. ಆಮೇಲೆ ಸುತ್ತಲೂ ಮೂಗು ಒರೆಸುವ ಸದ್ದು.

ಹೊರಗೆ ಬಂದ ಮೇಲೆ, ಜೊತೆಗೇ ಕೂತು ನೋಡಿದ್ದ ಮಗಳಿಗೆ ಬೈದೆ. "ಏನೇ, ನನ್ನ ಮಾನಾನ ಊರಿಗೆಲ್ಲಾ ಹಂಚಿಬಿಟ್ಯಲ್ಲ!"

"ಅಪಸ್ವರದಲ್ಲಿ ಹಾಡೋಕೆ ನಂಗೆ ಬರ್ತಾನೇ ಇರ್ಲಿಲ್ಲಮ್ಮ. ಡೈರೆಕ್ಟರ್ ತಲೆ ಚಚ್ಕೊಂಡ್ರು. ಆಮೇಲೆ ಕಣ್ಮುಚ್ಚಿ ನಿನ್ನ ನೆನೆಸ್ಕೊಂಡೆ."

"ಚಿಕ್ಕೋಳಿದ್ದಾಗ ಕಿವಿ ಮುಚ್ಕೋತಿದ್ದೆ ಕಣೇ ನೀನು!"

"ಮುಚ್ಕೊಂಡ್ರೂ ಕೇಳಿಸ್ತಿತ್ತಲ್ಲ" ಎಂದು ನಕ್ಕು ನನ್ನ ತೋಳು ಹಿಡಿದುಕೊಂಡಳು.

ಸಾವಿರಾರು ಜನ ಅವಳ ಹಾಡಿಗೆ ಕುಣಿಯುವುದನ್ನು ನೋಡಿದ್ದೇನೆ. ಆಗಲೂ ಹೆಮ್ಮೆಯೇ. ಆದರೆ ಇವತ್ತಿನದು ಬೇರೆ. ತನ್ನ ಒಳ್ಳೆಯ ದನಿಯನ್ನು ಬದಿಗಿಟ್ಟು, ನನ್ನದನ್ನು ಎತ್ತಿಕೊಂಡು ಜನರನ್ನು ಅಳಿಸಿದಳು. ಭಗವಂತಾ, ಇಷ್ಟು ವರ್ಷ ನೀನು ಸಹಿಸಿಕೊಂಡು ಕೇಳಿದ್ದು ದಂಡವಾಗಲಿಲ್ಲ.

ನಾಳೆ ಇನ್ನೂ ಸ್ವಲ್ಪ ಗಟ್ಟಿಯಾಗಿಯೇ ಹಾಡುತ್ತೇನೆ. ಪಕ್ಕದ ಮನೆಯವರು ಆಡಿಕೊಂಡರೆ, ಸಿನಿಮಾದಲ್ಲಿ ಬಂದಿರುವ ಹಾಡು ಕಣ್ರೀ ಎಂದರಾಯಿತು. ನಿದ್ದೆಗೆ ಕಣ್ಣು ಎಳೆಯುತ್ತಿದೆ.