ತಿದಿಯ ಬಾಯಾಗಿನ ತೊಗಲು

ಕಾಸಾರಶಿರಸಿ
೯ ಫೆಬ್ರುವರಿ ೨೦೨೬, ಸೋಮವಾರ

ನನ್ನ ಮ್ಯಾಲ ಹಲ್ಲು ಕಡೀಲತ್ತಿರೋ ಜಯಮಾಲಾಗ,

ನೀ ಫೋನ್ ಎತ್ತಲ್ಲ. ಅದಕ್ಕ ನಾಲ್ಕನೇ ಕ್ಲಾಸ್ ಕಲ್ತಂವಾ ಪೆನ್ನು ಹಿಡ್ದೀನಿ. ಅಕ್ಷರಾ ನೋಡಿ ನಗು, ಹಂಗರೆ ನಕ್ಕಿ ಅಂತ ತಿಳ್ಕೋತೀನಿ.

ನಿಮ್ಮ ಅಪ್ಪಾರ ಮಣ್ಣಿಗಿ ಹೋದಾಕಿ ಲೋಹಾರಾದಾಗೇ ಉಳ್ದಿ. ಎರಡು ತಿಂಗಳಾತು. ರವಿಕಾಂತ, ಹೆಂಡ್ತಿ ಎಲ್ಲಿ ಅಂತ ಮಂದಿ ಕೇಳ್ತಾರ. ಸರ್ವಿಸಿಂಗಿಗಿ ಹೋಗ್ಯಾಳ ಅಂತೀನಿ. ಅವರು ನಗ್ತಾರ. ನಾ ಗ್ಯಾರೇಜಿನ ಶಟರ್ ಇಳಸ್ತೀನಿ.

ಹೋದ ವರ್ಷ ನಮ್ಮೂರ ಸಾಲ್ಯಾಗಿನ ಆ ದಿನಾನೇ ನಿನ್ನ ಎದ್ಯಾಗ ಕುಂತದ, ಗೊತ್ತದ. ಹಳೇ ಹತ್ಯಾರದಿಂದ ಎಂಜಿನ್ ಹ್ಯಾಂಗ ಹುಟ್ತು ಅಂತ ತೋರಸ್ರಿ ಅಂದಿದ್ರು ಗುರುಗೋಳು. ನಾ ಒಳಗಿಂದು ಕಾಣ್ಲಿ ಅಂತ ಕೊಯ್ದಿಟ್ಟ ಡೀಜಲ್ ಎಂಜಿನ್ ಒಯ್ದೆ. ನಿಮ್ಮ ಅಪ್ಪಾರು ಕುಲುಮ್ಯಾಗ ಬೆಂಕಿಗಿ ಗಾಳಿ ಊದೂ ತೊಗಲಿನ ತಿದಿಗಿ ಎಣ್ಣಿ ಹಚ್ಚಿ, ಬಸ್ಸಿನ್ಯಾಗ ಕೂಸಿನಂಗ ತೊಡಿ ಮ್ಯಾಲ ಇಟ್ಕೊಂಡು ಬಂದ್ರು. ಎಂಟು ದಿನ ಕುಲುಮಿ ಮುಂದ ಒಬ್ಬರೇ ನಿಂತು ಭಾಷಣ ಪಾಠ ಮಾಡಿದ್ರಂತ.

ಮೈಕ್ ನಾ ಹಿಡ್ದೆ. ತಿದಿ ಬಾಯಾಗಿನ ತೊಗಲಿನ ತುಂಡು ತೋರ್ಸಿದೆ. ಜಗ್ಗಿದ್ರ ತೆರೀತದ, ಗಾಳಿ ಒಳಗ ಬರ್ತದ. ಒತ್ತಿದ್ರ ಮುಚ್ತದ, ಗಾಳಿ ಬೆಂಕಿಗಿ ಹೋಗ್ತದ. ಎಂಜಿನ್ನಿನ ವಾಲ್ವ್ ಭಿ ಇದೇ ಕೆಲಸಾ ಮಾಡ್ತದ ಅಂದೆ. ಅಲ್ಲಿಗೇ ನಿಲ್ಲಬೇಕಿತ್ತು. ನಿಮ್ಮ ಅಪ್ಪಾರ ಕಡಿ ಬಟ್ಟು ಮಾಡಿ, ಈ ತಿದಿ ಎಂಜಿನ್ನಿನ ಅಜ್ಜ, ಇಂವಾ ತಿದಿಯ ಅಜ್ಜ, ಇಬ್ಬರಿಗೂ ದಮ್ಮು ಅಂದೆ. ಸಾಲಿ ಎಲ್ಲಾ ನಕ್ತು. ಅದೇ ಹೊತ್ತಿಗಿ ಅವರಿಗಿ ಕೆಮ್ಮು ಬಂತು, ಮತ್ತೂ ನಕ್ರು. ಅವರು ಭಿ ನಕ್ರು. ಆಮ್ಯಾಲ ಮೈಕ್ ಕೊಡ್ಲಾಕ ಹೋದ್ರ ಬ್ಯಾಡಂದ್ರು.

ಮನಿಗಿ ಹೋಗಿ ತಿದಿ ಕೊಯ್ದು, ತೊಗಲು ಚಪ್ಪಲಿ ಹೊಲಿಯಾವಂಗ ಕೊಟ್ರಂತ ನಿಮ್ಮವ್ವ ಹೇಳಿದ್ರು. ಕುಲುಮಿ ಮತ್ತ ಹೊತ್ತಲೇ ಇಲ್ಲ.

ಬಾಯಿ ಜಾರ್ತು ಅಂತ ನೂರು ಸಲ ಹೇಳೀನಿ. ಬಾ ಮನಿಗಿ. ಬೈಯೂದು ಇದ್ರ ಎದುರಿಗಿ ನಿಂತು ಬೈ.

ನಿನ್ನ
ರವಿಕಾಂತ

ತಾ.ಕ.: ಬಾಯಿ ಜಾರಿಲ್ಲ. ಹೊಸದಾಗಿ ಗ್ಯಾರೇಜ್ ಹಾಕ್ದಾಗ ಒಂದು ಎಂಜಿನ್ ಚಾಲೂನೇ ಆಗ್ಲಿಲ್ಲ. ನಿಮ್ಮ ಅಪ್ಪಾರು ಕಿವಿ ಹಚ್ಚಿ ಕೇಳಿ, ನನ್ನ ತಿದಿ ಕೆಟ್ರ ಭಿ ಹಿಂಗೇ ಉಸುರ್ತದ, ಒಳಗ ಏನೋ ಸರಿ ಮುಚ್ಚವಲ್ದು ಅಂದ್ರು. ಸರಿ ಮುಚ್ಚೂ ಹಂಗ ವಾಲ್ವ್ ತಿಕ್ಕಿದೆ, ಎಂಜಿನ್ ಚಾಲೂ ಆತು. ಅದು ನಾನೇ ಹುಡುಕ್ದೆ ಅಂತ ಇಪ್ಪತ್ತು ವರ್ಷ ಹೇಳ್ಕೊಂಡೇ ಹೆಸರು ಮಾಡೀನಿ. ಸಾಲಿ ದಿನ ಬಸ್ ಇಳಿದವರೇ, ಅಳಿಯಂದ್ರೇ, ಇವತ್ತು ಆ ಎಂಜಿನ್ನಿನ ಮಾತು ಪೋರಗೋಳಿಗಿ ಹೇಳ್ತೀನಿ ಅಂತ ಖುಷೀಲೆ ಅಂದ್ರು. ಅದಕ್ಕೇ ನಾ ಮೊದಲು ಮೈಕ್ ಕಸ್ಗೊಂಡೆ. ಇನ್ನ ಬಾ ಅಂತ ಹ್ಯಾಂಗ ಅನ್ಲಿ.