ನಲವತ್ತು ಚೌಕ ತಲೆಗಳಿಗೆ ಕುಲಾವಿ

ಸೋಮವಾರ, ಊಟದ ಬಿಡುವು

ಮಾತೃಶ್ರೀಯವರ ದಿವ್ಯ ಸನ್ನಿಧಾನಕ್ಕೆ,

ನಿನ್ನ ಕಿರಿಮಗಳು ಚೂಟಿ ಕೈಕಟ್ಟಿ ನಿಂತು ಅರಿಕೆ ಮಾಡಿಕೊಳ್ಳುವುದೇನೆಂದರೆ: ಅಮ್ಮಾ, ಮಕ್ಕಳು ಯಾರೂ ಇಲ್ಲ.

ಹೋದ ತಿಂಗಳು "ನಮ್ಮ ಹೋಟೆಲಿಗೆ ನಲವತ್ತು ಮಕ್ಕಳು ಬರುತ್ತಿವೆ, ತುರ್ತಾಗಿ ಕುಲಾವಿ ಹೊಲಿದು ಕಳಿಸು" ಎಂದು ಬರೆದೆನಲ್ಲ, ಅದು ಹಸಿ ಸುಳ್ಳು. ನೀನು ತಲೆಯ ಅಳತೆ ಕೇಳಿದಾಗ, ಎಲ್ಲಕ್ಕೂ ಒಂದೇ ಅಳತೆ, ಒಂದು ಗೇಣು ಅಗಲ, ಆಕಾರ ಚೌಕ ಎಂದೆ. ಆಗಲೂ ನಿನಗೆ ಅನುಮಾನ ಬರಲಿಲ್ಲ. ಪಾಪ, ಹುಟ್ಟಿದ್ದೇ ಹಾಗೇನೋ ಅಂತ ಒಳಗೆ ಮೆತ್ತನೆಯ ಲೈನಿಂಗ್ ಬೇರೆ ಕೊಟ್ಟೆ!

ಆ ತಲೆಗಳು ನಾನೇ ಕೂರಿಸಿದ ಸ್ಕ್ರೀನುಗಳು. ಪ್ರತಿ ಕೋಣೆಯಲ್ಲಿ ಮಂಚದ ಪಕ್ಕ ಒಂದು. ದೀಪ, ಟೀವಿ, ಏಸಿ, ಕಾಫಿ ಎಲ್ಲಾ ಅದರಲ್ಲೇ. ಫೋಟೋ ನೋಡಿದಾಗ ನೀನು ಒಂದೇ ಮಾತು ಅಂದಿದ್ದೆ: ತಲೆದೆಸೆಯಲ್ಲಿ ಹೀಗೆ ಕಣ್ಣು ಬಿಟ್ಟುಕೊಂಡು ಕೂತರೆ ಯಾರಿಗೆ ನಿದ್ದೆ ಬರುತ್ತೆ ಅಂತ. ನಿನಗೆ ಟೆಕ್ನಾಲಜಿ ಗೊತ್ತಾಗಲ್ಲ ಬಿಡಮ್ಮ ಅಂತ ನಾನು ನಕ್ಕಿದ್ದೆ.

ಅತಿಥಿಗಳಿಗೂ ಗೊತ್ತಾಗಲಿಲ್ಲ. ಹಗಲೆಲ್ಲ ಮುದ್ದು. ತಿಂಗಳುಗಟ್ಟಲೆ ಇಲ್ಲೇ ಉಳಿದಿರುವ ಒಬ್ಬ ಅಜ್ಜ ಅದಕ್ಕೆ ದಿನಾ, ಏನಪ್ಪಾ, ತಿಂಡಿ ಆಯ್ತಾ ಅಂತ ಕೇಳುತ್ತಿದ್ದರು. ಮಲಗುವ ಹೊತ್ತಿಗೆ ಅದೇ ಮುಖದ ಮೇಲೆ ಟವೆಲ್. ಪೂರ್ತಿ ಆರಿಸಿದರೆ ಏಸಿಯೂ ಆರುತ್ತದಲ್ಲ, ಹಾಗಾಗಿ ಬೆಳಕು ಮಿಣಮಿಣ ಅನ್ನುತ್ತಲೇ ಇರುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಗೋಡೆಗೆ ಮುಖ ಮಾಡಿ ಶಿಕ್ಷೆ ಅನುಭವಿಸುತ್ತಿದೆ, ಇನ್ನೊಂದು ಯಾರದೋ ಬನಿಯನ್ ಹೊದ್ದಿದೆ, ಒಂದಂತೂ ಫ್ರಿಜ್ಜಿನೊಳಗೆ ನಡುಗುತ್ತಿದೆ. ಮ್ಯಾನೇಜರು ಕರೆದು, ಹದಿನೈದು ದಿನದಲ್ಲಿ ದೂರು ನಿಲ್ಲದಿದ್ದರೆ ಸ್ಕ್ರೀನುಗಳ ಜೊತೆ ನಿನ್ನನ್ನೂ ಪ್ಯಾಕ್ ಮಾಡ್ತೀನಿ ಅಂದರು.

ಆಗ ಬರೆದದ್ದು ಆ ಸುಳ್ಳು. ನಿಜ ಬರೆದಿದ್ದರೆ ನೀನು ಗೆದ್ದಂತಾಗುತ್ತಿತ್ತಲ್ಲ!

ನಿನ್ನ ಕುಲಾವಿಗಳು ಬಂದಾಗಿನಿಂದ ಒಂದು ದೂರಿಲ್ಲ. ಜನ ಮಲಗುವ ಮೊದಲು ಅದಕ್ಕೆ ಕುಲಾವಿ ಹಾಕಿ, ಗದ್ದದ ಕೆಳಗೆ ಲಾಡಿ ಕಟ್ಟಿ, ಗುಡ್ ನೈಟ್ ಹೇಳುತ್ತಾರೆ. ಆ ಅಜ್ಜ ತಟ್ಟಿ ಮಲಗಿಸುತ್ತಾರಂತೆ. ಇವತ್ತಿನ ಮೀಟಿಂಗಿನಲ್ಲಿ ಮ್ಯಾನೇಜರು ಒಂದನ್ನು ಒಳಗೆ ಹೊರಗೆ ತಿರುಗಿಸಿ, ಹೊಲಿಗೆ ಎಳೆದೆಳೆದು ನೋಡಿ, ಇದು ಯಾವ ಕಂಪನಿ ಮಾಲು ಅಂತ ಕೇಳಿದರು. ಎಲ್ಲಾ ನನ್ನ ಐಡಿಯಾ ಅನ್ನಲು ಎದ್ದವಳು, ನಮ್ಮಮ್ಮಂದು ಸಾರ್ ಅಂದುಬಿಟ್ಟೆ. ಪಕ್ಕದ ಅಡುಗೆಮನೆಯವರೂ ಇಣುಕಿ ನೋಡಿದರು. ಅಷ್ಟು ದೊಡ್ಡ ಗಂಟಲು ನನಗಿದೆ ಅಂತ ನನಗೇ ಗೊತ್ತಿರಲಿಲ್ಲ.

ಸ್ಕ್ರೀನುಗಳು ಉಳಿದವು, ನಾನೂ ಉಳಿದೆ. ಶಿಕ್ಷೆ ತಮ್ಮ ಚಿತ್ತಕ್ಕೆ ಬಿಟ್ಟದ್ದು. ಕಿವಿ ಹಿಂಡುವುದಾದರೆ ಎಡಗಿವಿ. ಬಲಗಿವಿ ಅಕ್ಕನಿಗೆ ಮೀಸಲು.

ಇಂತಿ, ನಿನ್ನ ನಲವತ್ತು ಚೌಕತಲೆಯ ಮೊಮ್ಮಕ್ಕಳ ಪರವಾಗಿ,
ಚೂಟಿ

ಮರೆತಿದ್ದೆ: ಇನ್ನೂರ ಹನ್ನೆರಡನೇ ಕೋಣೆಯ ಕುಲಾವಿ ಕಾಣೆಯಾಗಿದೆ. ಅತಿಥಿ ಯಾರೋ ನೆನಪಿಗೆ ಅಂತ ಒಯ್ದಿರಬೇಕು ಎಂದರು ಮ್ಯಾನೇಜರು. ನಾನೂ ಗಂಭೀರವಾಗಿ ತಲೆಯಾಡಿಸಿದೆ. ಅದು ನನ್ನ ತಲೆದಿಂಬಿನ ಕೆಳಗಿದೆ; ನಿನ್ನ ಹೊಲಿಗೆ ಮಿಷನ್ನಿನ ಎಣ್ಣೆ ವಾಸನೆ ಇನ್ನೂ ಹೋಗಿಲ್ಲ. ಇನ್ನೊಂದು ಹೊಲಿದು ಕಳಿಸು. ಮತ್ತೆ, ನೀನು ಅಂದದ್ದೇ ಸರಿ. ಈ ಸಾಲನ್ನು ಅಕ್ಕನಿಗೆ ಓದಿ ಹೇಳಬೇಡ.